ಮಾತಂಗ ಬೆಟ್ಟದ ಮೇಲೆ ಐಎಸ್‌ಒ 3200

ನನ್ನ ಕೈಗೆ ಕ್ಯಾಮೆರಾ ಬಂದು ಆರು ವರ್ಷ ಆಯಿತು. ದಾವಣಗೆರೆಯಲ್ಲಿ ನಮ್ಮದೊಂದು ಮೆಡಿಕಲ್ ಶಾಪ್ ಇದೆ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಾಕಿಗಳು ಕಡಿಮೆ. ಆ ಹೊತ್ತಿನಲ್ಲಿ ಕೌಂಟರ್ ಹಿಂದೆ ಕೂತು ಯೂಟ್ಯೂಬ್‌ನಲ್ಲಿ ಫೋಟೋಗ್ರಫಿ ಪಾಠ ನೋಡಿದ್ದೇ ನೋಡಿದ್ದು. ಅಪರ್ಚರ್ ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಶಟರ್ ಅಂದರೆ ಬೆಳಕು ಎಷ್ಟು ಹೊತ್ತು ಬರಬೇಕೋ ಅಷ್ಟು ಹೊತ್ತು ತೆರೆದು ಮುಚ್ಚುವ ಬಾಗಿಲು, ಎಲ್ಲ ಬಾಯಿಪಾಠ. ಯಾರಾದರೂ ಕೇಳಿದರೆ ಅರ್ಧ ಗಂಟೆ ಭಾಷಣ ಮಾಡುವಷ್ಟು ಗೊತ್ತಿತ್ತು. ಫೋಟೋ ಮಾತ್ರ ಬರುತ್ತಿರಲಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಮಳೆಗಾಲದಲ್ಲಿ ಜೋಗಕ್ಕೆ ಹೋಗಿದ್ದೆ. ಅಪರ್ಚರ್ ಸಣ್ಣದಾದಷ್ಟೂ ಹತ್ತಿರದ್ದು ದೂರದ್ದು ಎಲ್ಲ ಶಾರ್ಪ್ ಬರುತ್ತೆ ಅಂತ ಎಲ್ಲೋ ಕೇಳಿದ್ದೆ. ಸರಿ, ಹಾಗಾದರೆ ಪೂರ್ತಿ ಸಣ್ಣದು ಮಾಡಿಬಿಡೋಣ ಅಂತ ಎಫ್ 22ಕ್ಕೆ (ಈ ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು) ಇಟ್ಟು ನೂರಾರು ಫೋಟೋ ತೆಗೆದೆ. ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ನೋಡಿದರೆ ಒಂದೂ ಶಾರ್ಪ್ ಇಲ್ಲ. 253 ಮೀಟರ್ ಎತ್ತರದಿಂದ ಬೀಳುವ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೇರಿ ಹಳೇ ಕನ್ನಡಕದ ಗಾಜಿನ ಹಿಂದೆ ನಿಂತ ಹಾಗಿವೆ. ಜೊತೆಗೆ ಆಕಾಶದ ತುಂಬ ಕಪ್ಪು ಚುಕ್ಕೆ. ಲೆನ್ಸ್ ಹಾಳಾಗಿದೆ ಅಂತಲೇ ಅಂದುಕೊಂಡೆ. ಮಾರುವ ಯೋಚನೆಯೂ ಬಂತು.

ಅದಾದ ಮೇಲೆ ಒಂದು ದಿನದ ವರ್ಕ್‌ಶಾಪ್‌ಗೆ ಹೋದೆ. ಮಲೆನಾಡಿನ ಒಂದು ಜಲಪಾತದ ಹತ್ತಿರ, ಇಪ್ಪತ್ತಾರು ಜನ. ಎಲ್ಲರೂ ಒಂದೇ ಸಾಲಲ್ಲಿ ಟ್ರೈಪಾಡ್ ಹಾಕಿ ನಿಂತೆವು, ರೇಷನ್ ಅಂಗಡಿ ಮುಂದೆ ನಿಂತ ಹಾಗೆ. ಕಲಿಸಲು ಬಂದವರು ಸಾಲಿನ ಮೊದಲ ಜಾಗದಲ್ಲಿ ನಿಂತು ಇಡೀ ದಿನ ತಮ್ಮ ಫೋಟೋ ತೆಗೆದುಕೊಂಡರು. ಅವರ ಫೋಟೋ ಚೆನ್ನಾಗಿ ಬಂತು.

ಹಾಗಾಗಿ ಹೋದ ಜನವರಿಯಲ್ಲಿ ಹಂಪಿಯ ವರ್ಕ್‌ಶಾಪ್ ಬಗ್ಗೆ ಗೆಳೆಯ ಹೇಳಿದಾಗ ನಾನು ಮೊದಲು ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ಜನ? ಒಂಬತ್ತು ಅಂದ. ಮೂರು ದಿನ, ಪ್ರತಿ ಮಧ್ಯಾಹ್ನ ಎಲ್ಲರ ಫೋಟೋ ಪರದೆ ಮೇಲೆ ಹಾಕಿ ಮಾತಾಡುತ್ತಾರಂತೆ, ಕಲಿಸುವವರು ಕ್ಯಾಮೆರಾನೇ ತರೋದಿಲ್ಲವಂತೆ. ಆ ಕೊನೇ ಮಾತು ಕೇಳಿ ದುಡ್ಡು ಕಟ್ಟಿದೆ. ಅಂಗಡಿಗೆ ತಮ್ಮನನ್ನು ಕೂರಿಸಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಮೇಲೆ ಹೊಸಪೇಟೆ ಬಸ್ಸು ಹತ್ತಿದೆ. ಉಳಿಯುವ ವ್ಯವಸ್ಥೆ ಕಮಲಾಪುರದಲ್ಲಿ.

ಕಲಿಸುವವರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ನಿಜಕ್ಕೂ ಕ್ಯಾಮೆರಾ ತಂದಿರಲಿಲ್ಲ. ಒಂದು ಟಾರ್ಚು, ಒಂದು ನೀರಿನ ಬಾಟಲಿ, ಒಂದು ಟವೆಲ್. ಅಷ್ಟೇ.

ಮೊದಲ ದಿನ ಸಂಜೆ ಹೇಮಕೂಟ. ಹತ್ತಲು ಸುಲಭ, ಬೆಟ್ಟ ಅನ್ನೋದಕ್ಕಿಂತ ದೊಡ್ಡದೊಂದು ಬಂಡೆಯ ಇಳಿಜಾರು ಅನ್ನಬಹುದು. ಉತ್ತರಕ್ಕೆ ಮುಖ ಮಾಡಿ ನಿಂತರೆ ವಿರೂಪಾಕ್ಷ ದೇವಸ್ಥಾನದ ಗೋಪುರ ಎದುರಿಗೇ. ಎಲ್ಲರೂ ಅವಸರದಲ್ಲಿ ಕ್ಯಾಮೆರಾ ತೆಗೆದೆವು. ಮೇಷ್ಟ್ರು ಬ್ಯಾಗಿನೊಳಗೆ ಇಡಿ ಅಂದರು. ಒಂದು ಗಂಟೆ ಸುಮ್ನೆ ಕೂತು, ಎದುರಿಗೆ ಕಾಣುವುದರಲ್ಲಿ ಯಾವುದು ಎಲ್ಲಕ್ಕಿಂತ ಬೆಳ್ಳಗಿದೆ, ಯಾವುದು ಎಲ್ಲಕ್ಕಿಂತ ಕಪ್ಪಗಿದೆ, ಯಾವುದು ಎರಡಕ್ಕೂ ನಡುವೆ ಇದೆ ಅಂತ ನೋಡಬೇಕಂತೆ. ಇದಕ್ಕೆ ದುಡ್ಡು ಕೊಟ್ಟು ಬಂದೆನಾ ಅಂತ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಕ್ಯಾಮೆರಾ ತೆಗೆಯಲು ಬಿಟ್ಟರು. ಗೋಪುರವೊಂದನ್ನೇ ಚೌಕಟ್ಟಿನ ತುಂಬ ತೆಗೆಯಿರಿ ಅಂದರು. ಬೂದಿ ಬಳಿದ ಹಾಗೆ ಬಂತು. ಕಣ್ಣಿಗೆ ಕೆನೆ ಬಣ್ಣ, ಫೋಟೋದಲ್ಲಿ ಮಣ್ಣಿನ ಬಣ್ಣ. ಪಕ್ಕದ ನೆರಳಿನ ಕಪ್ಪು ಬಂಡೆಯನ್ನು ತೆಗೆಯಿರಿ ಅಂದರು. ಅದೂ ಬೂದಿ. ಆಗ ವಿಷಯ ಹೇಳಿದರು: ಕ್ಯಾಮೆರಾಕ್ಕೆ ಗೋಪುರವೂ ಗೊತ್ತಿಲ್ಲ, ಬಂಡೆಯೂ ಗೊತ್ತಿಲ್ಲ, ಎದುರಿಗೆ ಇರೋದೆಲ್ಲ ನಡು ಬೂದು ಬಣ್ಣ ಅಂತಲೇ ಅದು ಲೆಕ್ಕ ಹಾಕುತ್ತೆ. ಬಿಳಿಯದನ್ನು ಬಿಳಿಯಾಗಿಸಲು ನೀವೇ ಬೆಳಕು ಜಾಸ್ತಿ ಮಾಡಬೇಕು, ಕಪ್ಪನ್ನು ಕಪ್ಪಾಗಿಸಲು ನೀವೇ ಕಡಿಮೆ ಮಾಡಬೇಕು. ಗೋಪುರಕ್ಕೆ ಪ್ಲಸ್ ಒಂದು ಕೊಟ್ಟೆ, ಅಂದರೆ ಬೆಳಕು ಎರಡು ಪಟ್ಟು. ಕೆನೆ ಬಣ್ಣ ವಾಪಸ್ ಬಂತು. ಇದೇ ಮಾತನ್ನು ಯೂಟ್ಯೂಬ್‌ನಲ್ಲಿ ಹತ್ತು ಸಲವಾದರೂ ಕೇಳಿದ್ದೆ. ಒಂದು ಗಂಟೆ ಬಿಳಿ, ಕಪ್ಪು ಅಂತ ನೋಡುತ್ತ ಕೂತ ಮೇಲೆ ಕೇಳಿದಾಗ ತಲೆಗೆ ಹೋಯಿತು.

ಸೂರ್ಯ ಮುಳುಗಿದ ಮೇಲೆ ಟೂರಿಸ್ಟುಗಳೆಲ್ಲ ಎದ್ದು ಹೋದರು. ಹೇಮಕೂಟದ ಒಂದು ಕಲ್ಲಿನ ಮಂಟಪದೊಳಗೆ ಕೈಯಲ್ಲೇ ಕ್ಯಾಮೆರಾ ಹಿಡಿದು ನಾಲ್ಕು ಫೋಟೋ ತೆಗೆಯೋಣ ಅಂತ ಐಎಸ್‌ಒ 3200ಕ್ಕೆ ಏರಿಸಿದೆ. ಐಎಸ್‌ಒ ಏರಿಸಿದಷ್ಟೂ ಕಡಿಮೆ ಬೆಳಕಲ್ಲೂ ಫೋಟೋ ಬರುತ್ತೆ, ಆದರೆ ಕಾಳುಕಾಳಾಗುತ್ತೆ. ತೆಗೆದೆ, ಬ್ಯಾಗಿಗೆ ಹಾಕಿದೆ, ಹೊರಟೆ. ಇದನ್ನು ನೆನಪಿಟ್ಟುಕೊಳ್ಳಿ.

ಎರಡನೇ ದಿನ ಬೆಳಗ್ಗೆ ನಾಲ್ಕೂಮುಕ್ಕಾಲಿಗೆ ಎಬ್ಬಿಸಿದರು. ಮಾತಂಗ ಬೆಟ್ಟ. ಕತ್ತಲಲ್ಲಿ ಎಲ್ಲರೂ ಒಟ್ಟಿಗೇ ಹತ್ತಬೇಕು, ಯಾರೂ ಮುಂದೆ ಓಡಬಾರದು ಅಂತ ತಾಕೀತು. ದರೋಜಿ ಕರಡಿಧಾಮ ದೂರವೇನಿಲ್ಲ, ಈ ಬಂಡೆಗಳ ಸಂದಿಯಲ್ಲಿ ಕರಡಿ, ಚಿರತೆ ಓಡಾಡುವ ಮಾತು ಊರವರೆಲ್ಲ ಹೇಳುತ್ತಾರೆ. ಮೆಟ್ಟಿಲು ಕೆಲವು ಕಡೆ ಮೊಣಕಾಲಿನಷ್ಟು ಎತ್ತರ. ನಾನು ಇಡೀ ದಿನ ಸ್ಟೂಲ್ ಮೇಲೆ ಕೂರುವ ಮನುಷ್ಯ, ಅರ್ಧಕ್ಕೆ ಬರುವಷ್ಟರಲ್ಲಿ ಉಸಿರು ಸಿಳ್ಳೆ ಹೊಡೆಯುತ್ತಿತ್ತು.

ತುದಿಯಲ್ಲಿ ವೀರಭದ್ರನ ಗುಡಿ. ಅಲ್ಲಿ ಗಾಳಿ ಅಂದರೆ ಗಾಳಿ. ಮೇಷ್ಟ್ರು ಎಲ್ಲರಿಗೂ ಒಂದೊಂದು ಜಾಗ ಆರಿಸಿಕೊಳ್ಳಲು ಹೇಳಿ ಆಮೇಲೆ ಕರಾರು ಹಾಕಿದರು: ನಿಂತ ಜಾಗದಿಂದ ಹತ್ತು ಹೆಜ್ಜೆ ಆಚೆ ಹೋಗುವಂತಿಲ್ಲ, ಒಂದೂವರೆ ಗಂಟೆ. ಮೊದಲೇ ಹೇಳಿದ್ದರೆ ಇನ್ನೂ ಒಳ್ಳೆ ಜಾಗ ಹುಡುಕುತ್ತಿದ್ದೆ ಅಂತ ಎಲ್ಲರೂ ಗೊಣಗಿದೆವು. ಅದಕ್ಕೇ ಹೇಳಲಿಲ್ಲ ಅಂದರು.

ಏಳಕ್ಕೆ ಹತ್ತು ನಿಮಿಷ ಇರುವಾಗ ಸೂರ್ಯ ಬಂದ. ಜನವರಿಯಲ್ಲಿ ಅವನು ಸರಿಯಾಗಿ ಪೂರ್ವದಲ್ಲಿ ಹುಟ್ಟೋದಿಲ್ಲ, ಆಗ್ನೇಯಕ್ಕೆ ಸರಿದಿರುತ್ತಾನೆ. ಅಚ್ಯುತರಾಯ ದೇವಸ್ಥಾನ ಬೆಟ್ಟದ ಉತ್ತರಕ್ಕೆ, ಕೆಳಗೆ. ಅಂದರೆ ದೇವಸ್ಥಾನ ನೋಡುತ್ತ ನಿಂತರೆ ಬೆಳಕು ಬಲಗಡೆಯಿಂದ ಬರುತ್ತೆ. ಕಂಬಗಳಿಗೆಲ್ಲ ಒಂದು ಬದಿ ಬೆಳಕು, ಒಂದು ಬದಿ ನೆರಳು. ಹಿಂದಿನಿಂದ ಬೆಳಕು ಬಿದ್ದಿದ್ದರೆ ಅದೇ ದೇವಸ್ಥಾನ ಕ್ಯಾಲೆಂಡರ್ ಚಿತ್ರದ ಹಾಗೆ ಚಪ್ಪಟೆ ಕಾಣುತ್ತಿತ್ತು.

ಬಂಡೆಗಳ ಬಗ್ಗೆಯೂ ಹೇಳಬೇಕು. ರಾಮನಗರದಿಂದ ಇಲ್ಲಿಯವರೆಗೆ ಹಬ್ಬಿರುವ ಗ್ರಾನೈಟ್ ಪಟ್ಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಯಾರೋ ಎತ್ತಿ ಎಸೆದ ಹಾಗೆ ಕಾಣುವ ಈ ಗುಂಡುಗಳು ಎಲ್ಲಿಂದಲೂ ಬಂದು ಬಿದ್ದವಲ್ಲ. ಒಂದೇ ದೊಡ್ಡ ಬಂಡೆ ಬಿರುಕು ಬಿಟ್ಟು, ಬಿರುಕಿನ ಮೂಲೆಗಳು ಮಳೆಗಾಳಿಗೆ ಮೊದಲು ಸವೆದು, ಕೂತಲ್ಲೇ ಗುಂಡಾದವು. ಇದು ಫೋಟೋಗೆ ಏನು ಸಂಬಂಧ ಅಂದರೆ, ಬಿರುಕುಗಳು ಯಾವ ದಿಕ್ಕಿಗೆ ಹೋಗಿವೆ ಅಂತ ನೋಡಿದ ಮೇಲೆ ಬಂಡೆಗಳ ರಾಶಿಯಲ್ಲಿ ಗೆರೆ ಕಾಣಲು ಶುರುವಾಗುತ್ತೆ. ಅಲ್ಲಿಯವರೆಗೆ ಅದು ಬರೀ ಕಲ್ಲಿನ ರಾಶಿ.

ಸೂರ್ಯ ಬಂದದ್ದೇ ತಡ, ಪಟಪಟ ಅಂತ ತೆಗೆಯುತ್ತ ನಿಂತೆ. ಮೇಷ್ಟ್ರು ಹಿಂದಿನಿಂದ ಬಂದು ಸ್ಕ್ರೀನ್ ನೋಡಿದರು. ಶಟರ್ ಸಾವಿರದಲ್ಲಿ ಒಂದು ಸೆಕೆಂಡ್.

“ಏನ್ರೀ, ಹಕ್ಕಿ ಹಾರ್ತಿದೆಯಾ?” ಅಂದರು.

ಇಲ್ವಲ್ಲ ಸರ್ ಅಂದೆ.

“ಮತ್ತೆ ದೇವಸ್ಥಾನ ಓಡಿ ಹೋಗುತ್ತಾ?”

ಆಗ ನೋಡಿದೆ, ಐಎಸ್‌ಒ 3200. ನಿನ್ನೆ ರಾತ್ರಿ ಮಂಟಪದ್ದು. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಐಎಸ್‌ಒ 100ರಲ್ಲಿ ಆರಾಮಾಗಿ ಮೂವತ್ತರಲ್ಲಿ ಒಂದು ಸೆಕೆಂಡಿಗೆ ತೆಗೆಯಬಹುದಾಗಿದ್ದ ಬೆಳಕು. ಅಷ್ಟೂ ಫೋಟೋ ಮರಳು ಎರಚಿದ ಹಾಗೆ. ಅವತ್ತಿನಿಂದ ಬ್ಯಾಗಿಗೆ ಹಾಕುವ ಮುಂಚೆ ಎಲ್ಲ ಸೆಟ್ಟಿಂಗ್ ವಾಪಸ್ ತಿರುಗಿಸುತ್ತೇನೆ, ಅಂಗಡಿ ಮುಚ್ಚುವಾಗ ಫ್ರಿಜ್ ಬಾಗಿಲು ಎಳೆದು ನೋಡುವ ಹಾಗೆ.

ಅದನ್ನು ಸರಿ ಮಾಡಿದ ಮೇಲೂ ಅರ್ಧ ಫೋಟೋ ಅಲುಗಿದ್ದವು. ಟ್ರೈಪಾಡಿನ ನಡುಗಂಬ ಪೂರ್ತಿ ಮೇಲಕ್ಕೆತ್ತಿದ್ದೆ, ಕ್ಯಾಮೆರಾದ ಪಟ್ಟಿ ಗಾಳಿಗೆ ಬಾವುಟದ ಹಾಗೆ ಬಡಿದುಕೊಳ್ಳುತ್ತಿತ್ತು. ನನ್ನ ಟ್ರೈಪಾಡ್ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿದ್ದು, ಕಾಲುಗಳು ಕೋಳಿಕಾಲಿನಷ್ಟು ಸಣ್ಣ. ನಡುಗಂಬ ಇಳಿಸಿ, ಪಟ್ಟಿ ಬಿಚ್ಚಿ, ಬ್ಯಾಗನ್ನು ಕೆಳಗೆ ನೇತುಹಾಕಿ, ಎರಡು ಸೆಕೆಂಡ್ ಟೈಮರ್ ಇಟ್ಟ ಮೇಲೆ ಸ್ವಲ್ಪ ಮಾತು ಕೇಳಿತು.

ಫೋಕಸ್ ವಿಷಯ ಅಲ್ಲೇ ಕಲಿತೆ. ನನ್ನದು ಸಣ್ಣ ಸೆನ್ಸರ್ (ಚಿತ್ರ ಮೂಡುವ ಚಿಪ್) ಕ್ಯಾಮೆರಾ, ಜೊತೆಗೆ ಬಂದ 18-55 ಲೆನ್ಸ್. 18ರಲ್ಲಿ, ಅಂದರೆ ಎಲ್ಲಕ್ಕಿಂತ ಅಗಲ ಕಾಣುವ ಕಡೆ, ಎಫ್ 8 ಇಟ್ಟು ಸುಮಾರು ಎರಡು ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ, ಒಂದು ಮೀಟರ್ ದೂರದ ಬಂಡೆಯಿಂದ ಹಿಡಿದು ದಿಗಂತದವರೆಗೆ ಎಲ್ಲ ಸ್ಪಷ್ಟ ಬರುತ್ತೆ. ಎಫ್ 22 ಯಾಕೆ ಬೇಕು ಹೇಳಿ? ಎರಡು ದೊಡ್ಡ ಹೆಜ್ಜೆ ಅಳೆದು, ಅಲ್ಲಿದ್ದ ಕಲ್ಲಿನ ಅಂಚಿಗೆ ಫೋಕಸ್ ಮಾಡಿ ಲಾಕ್ ಮಾಡಿದೆ.

ಆಕಾಶದ ನೀಲಿಯನ್ನು ಗಾಢ ಮಾಡುವ ಪೋಲರೈಸರ್ ಫಿಲ್ಟರ್ ಇದ್ದವರಿಗೆ ಒಂದು ಕೈಚಳಕ ತೋರಿಸಿದರು. ಮಕ್ಕಳು ಪಿಸ್ತೂಲ್ ಮಾಡುವ ಹಾಗೆ ಹೆಬ್ಬೆರಳು, ತೋರುಬೆರಳು ಚಾಚಿ, ತೋರುಬೆರಳನ್ನು ಸೂರ್ಯನ ಕಡೆ ಇಟ್ಟು ಕೈಯನ್ನು ತಿರುಗಿಸಬೇಕು. ಹೆಬ್ಬೆರಳು ತೋರಿಸುವ ಕಡೆಯೆಲ್ಲ ಫಿಲ್ಟರ್ ಚೆನ್ನಾಗಿ ಕೆಲಸ ಮಾಡುತ್ತೆ. ಸೂರ್ಯನ ಕಡೆಗೇ ಹಿಡಿದರೆ ಏನೂ ಇಲ್ಲ. ಆದರೆ ಅಗಲ ಲೆನ್ಸಿನಲ್ಲಿ ಆಕಾಶದ ಒಂದು ಭಾಗ ಮಾತ್ರ ಕಡು ನೀಲಿಯಾಗಿ ತೇಪೆ ಹಾಕಿದ ಹಾಗೆ ಕಾಣಬಹುದು, ಹುಷಾರು.

ಇಷ್ಟೆಲ್ಲ ಆದ ಮೇಲೆ, ಆ ಹತ್ತು ಹೆಜ್ಜೆಯೊಳಗೆ, ಅವತ್ತು ನಾನು ಮೂರು ಒಳ್ಳೆ ಫೋಟೋ ತೆಗೆದೆ ಅಂದುಕೊಂಡೆ.

ಮಧ್ಯಾಹ್ನ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಲಾಡ್ಜಿನ ಹಾಲಿನಲ್ಲಿ ಕೂತೆವು. ಗೋಡೆಗೆ ಬಿಳಿ ಬೆಡ್‌ಶೀಟ್, ಎದುರಿಗೆ ಪ್ರೊಜೆಕ್ಟರ್. ಒಬ್ಬೊಬ್ಬರದು ಮೂರು ಫೋಟೋ. ನನ್ನದು ಬಂತು: ಕೆಳಗೆ ಅಚ್ಯುತರಾಯ ದೇವಸ್ಥಾನ, ಮೇಲೆ ಅರ್ಧ ಚೌಕಟ್ಟು ಆಕಾಶ. ಜನವರಿಯ ಬಯಲುಸೀಮೆಯ ಆಕಾಶ, ಒಂದು ಚೂರು ಮೋಡ ಇಲ್ಲ. ಸ್ಪಷ್ಟ ಇದೆ, ಬೆಳಕು ಸರಿ ಇದೆ. ಯಾರೂ ಏನೂ ಅನ್ನಲಿಲ್ಲ. ಅದೇ ಕೆಟ್ಟದ್ದು, ಅಲ್ವಾ?

ಮುಂದಿನದು ನನ್ನ ಪಕ್ಕ ನಿಂತಿದ್ದವರದ್ದು. ಗದಗದ ಕಡೆಯ ಒಬ್ಬ ನಿವೃತ್ತ ಟೀಚರ್, ಅರವತ್ತು ದಾಟಿದವರು. ಅವರ ಹತ್ತಿರ ಟ್ರೈಪಾಡೇ ಇರಲಿಲ್ಲ, ಹಳೇ ಪುಟ್ಟ ಕ್ಯಾಮೆರಾ. ಬೆಳಗ್ಗೆ ಅವರನ್ನು ನೋಡಿ ಪಾಪ ಅಂದುಕೊಂಡಿದ್ದೆ. ಅವರು ಕಲ್ಲಿನ ಮೇಲೆ ಕೂತುಬಿಟ್ಟಿದ್ದರು, ಮಂಡಿನೋವು ಅಂತ. ಕೂತಿದ್ದರಿಂದ ಎದುರಿನ ಎರಡು ಬಂಡೆಗಳು ಅವರ ಕಣ್ಣಿಗೆ ಎತ್ತರವಾಗಿ ಕಂಡಿವೆ. ಆ ಎರಡರ ನಡುವಿನ ಸಂದಿಯಲ್ಲಿ ಅಚ್ಯುತರಾಯ ದೇವಸ್ಥಾನ, ಅದರ ಮುಂದೆ ಉತ್ತರಕ್ಕೆ ಹೊಳೆಯ ಕಡೆ ಹೋಗುವ ಹಳೇ ಪೇಟೆಬೀದಿ, ಎರಡು ಕಡೆ ಮುರಿದ ಕಂಬಸಾಲು, ಕಂಬಗಳ ಉದ್ದನೆಯ ನೆರಳು. ಕಪ್ಪು ಬಂಡೆಗಳು ಬಾಗಿಲಿನ ಹಾಗೆ. ಆಕಾಶ ಇಲ್ಲವೇ ಇಲ್ಲ.

ಮೂರು ಹೆಜ್ಜೆ. ನನಗೂ ಅವರಿಗೂ ಮಧ್ಯೆ ಇದ್ದದ್ದು ಮೂರು ಹೆಜ್ಜೆ. ಅದೇ ಬೆಳಕು, ಅದೇ ನಿಮಿಷ. ನನ್ನ ಹತ್ತು ಹೆಜ್ಜೆಯ ಜಾಗದೊಳಗೇ ಅವರ ಫೋಟೋ ಇತ್ತು, ನಾನು ಒಂದು ಸಲವೂ ಕೂತು ನೋಡಲಿಲ್ಲ.

ಆಕಾಶ ಯಾಕೆ ಬಿಟ್ಟಿರಿ ಅಂತ ಮೇಷ್ಟ್ರು ಕೇಳಿದರು. “ಅದರಾಗ ಏನಿತ್ತ್ರೀ? ಏನೂ ಇರಲಿಲ್ಲ” ಅಂದರು ಟೀಚರ್.

ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ನಗುವೂ ಬಂತು. ವಿಡಿಯೋ ನೋಡಿ ಕಲಿಯುವಾಗ ನಮಗೆ ಕಾಣುವುದು ಯಾವುದೋ ದೇಶದ ಯಾವುದೋ ಬೆಟ್ಟದ ಗೆದ್ದ ಫೋಟೋ. ಅಲ್ಲಿ ನಾನು ಇದ್ದಿದ್ದರೆ ನಾನೂ ತೆಗೆಯುತ್ತಿದ್ದೆ ಅಂತ ಸಮಾಧಾನ ಮಾಡಿಕೊಳ್ಳಬಹುದು. ಇಲ್ಲಿ ಆ ದಾರಿ ಬಂದ್. ಅಲ್ಲೇ ಇದ್ದೆ, ತೆಗೆಯಲಿಲ್ಲ. ಮೂರು ದಿನದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಪಾಠ ಆದದ್ದು ಆ ಬೆಡ್‌ಶೀಟಿನ ಮುಂದೆ. ಉಳಿದವರ ಫೋಟೋಗಳನ್ನೂ ಹಾಗೇ ನೋಡಿದೆ: ಬಳ್ಳಾರಿಯ ಹುಡುಗನೊಬ್ಬ ಬೆನ್ನು ತಿರುಗಿಸಿ ಪಶ್ಚಿಮಕ್ಕೆ ಹಂಪಿ ಬಜಾರಿನ ಮೇಲೆ ಬಿದ್ದ ಬೆಟ್ಟದ ನೆರಳನ್ನು ತೆಗೆದಿದ್ದ. ಅದೂ ಹತ್ತು ಹೆಜ್ಜೆಯೊಳಗೇ.

ಮೂರನೇ ದಿನ ಬೆಳಗ್ಗೆ ಹೊಳೆ. ಪುರಂದರ ಮಂಟಪ ನೀರಿಗೆ ಕಾಲಿಟ್ಟು ನಿಂತಿತ್ತು. ಡ್ಯಾಮಿನಿಂದ ನೀರು ಬಿಟ್ಟಾಗ ಇದು ಮುಳುಗುತ್ತೆ. ಎನ್‌ಡಿ ಫಿಲ್ಟರ್ ಅಂದರೆ ಕ್ಯಾಮೆರಾಕ್ಕೆ ಹಾಕುವ ಕಪ್ಪು ಕನ್ನಡಕ. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕರ್ಧ ಕಡಿಮೆ, ಹತ್ತು ಸ್ಟಾಪ್‌ನದು ಬೆಳಕನ್ನು ಹೆಚ್ಚುಕಡಿಮೆ ಸಾವಿರ ಪಟ್ಟು ತಡೆಯುತ್ತೆ. ಮೂವತ್ತರಲ್ಲಿ ಒಂದು ಸೆಕೆಂಡ್ ಬೇಕಿದ್ದ ಕಡೆ ಸುಮಾರು ಮೂವತ್ತು ಸೆಕೆಂಡ್ ಬೇಕು. ತುಂಗಭದ್ರೆ ಹಾಲಿನ ಕೆನೆ ಆಯಿತು. ತಮಾಷೆ ಏನೆಂದರೆ, ಆ ಮೂವತ್ತು ಸೆಕೆಂಡಿನಲ್ಲಿ ಒಂದು ಹರಿಗೋಲು ತುಂಬ ಜನ ಗಲಾಟೆ ಮಾಡುತ್ತ ನನ್ನ ಚೌಕಟ್ಟಿನ ಮುಂದೆಯೇ ಹಾದು ಹೋದರು. ಫೋಟೋದಲ್ಲಿ ಅವರಿಲ್ಲ.

ಆಗ ಮೇಷ್ಟ್ರು ಗ್ರೀನ್‌ಲಾ ಕಥೆ ಹೇಳಿದರು. ಅಲೆಕ್ಸಾಂಡರ್ ಗ್ರೀನ್‌ಲಾ ಅಂತ ಒಬ್ಬ ಸೈನ್ಯಾಧಿಕಾರಿ 1856ರಲ್ಲೇ ಹಂಪಿಯ ಫೋಟೋ ತೆಗೆದಿದ್ದ, ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ. ಆ ಕಾಗದಕ್ಕೆ ಬೆಳಕು ಹಿಡಿಯಲು ನಿಮಿಷಗಟ್ಟಲೆ ಬೇಕಾಗುತ್ತಿತ್ತು, ಓಡಾಡುವವರು ಅಚ್ಚಾಗುತ್ತಲೇ ಇರಲಿಲ್ಲ. ಅವನ ಫೋಟೋದಲ್ಲಿ ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರ ಇದೆ! ಈಗ ಇಲ್ಲ. ನಮ್ಮ 50 ರೂಪಾಯಿ ನೋಟಿನ ಹಿಂದಿರುವ ರಥಕ್ಕೂ ಇಲ್ಲ. ಅವನು ಕ್ಯಾಮೆರಾ ಇಟ್ಟ ಜಾಗಗಳನ್ನೇ ಹುಡುಕಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ 1980ರ ದಶಕದಲ್ಲಿ ಮತ್ತೆ ಫೋಟೋ ತೆಗೆದರು. ಯಾರೋ ನಿಂತ ಕಾಲಿನ ಗುರುತನ್ನು ನೂರಿಪ್ಪತ್ತು ಚಿಲ್ಲರೆ ವರ್ಷದ ಮೇಲೆ ಹುಡುಕೋದು ಅಂದರೆ! ನಾನು ಮೂರು ಹೆಜ್ಜೆ ಪಕ್ಕಕ್ಕೆ ಹೋಗಿ ಕೂರಲಿಲ್ಲ.

ವಿಠ್ಠಲ ದೇವಸ್ಥಾನದೊಳಗೆ ಟ್ರೈಪಾಡ್ ಹಾಕಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ನಮಗಿರಲಿಲ್ಲ. ಕೈಯಲ್ಲೇ ತೆಗೆದೆವು, ಹೇಳಿಕೊಳ್ಳುವಂಥದ್ದೇನೂ ಬರಲಿಲ್ಲ.

ಕೊನೆಗೆ ವಿರೂಪಾಕ್ಷ ದೇವಸ್ಥಾನ. ಗರ್ಭಗುಡಿಯ ಹಿಂದಿನ ಕತ್ತಲೆ ಜಾಗದಲ್ಲಿ ಗೋಡೆ ಮೇಲೆ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತೆ, ನೀವೂ ನೋಡಿರುತ್ತೀರಿ. ನಾನು ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದೆ. ಅಲ್ಲಿ ಲೆನ್ಸೂ ಇಲ್ಲ, ಕನ್ನಡಿಯೂ ಇಲ್ಲ, ಒಂದು ಸಣ್ಣ ಕಿಂಡಿ ಅಷ್ಟೇ. ಬೆಳಕು ನೇರ ಹೋಗುವುದರಿಂದ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಇಡೀ ದೇವಸ್ಥಾನವೇ ಒಂದು ಕ್ಯಾಮೆರಾ, ನಾವು ಅದರ ಹೊಟ್ಟೆಯೊಳಗೆ ನಿಂತಿದ್ದೇವೆ ಅಂದರು ಮೇಷ್ಟ್ರು.

ನನಗೆ ಜೋಗ ನೆನಪಾಯಿತು. ಕೇಳಿಯೇಬಿಟ್ಟೆ: ಸರ್, ಕಿಂಡಿ ಸಣ್ಣದಾದಷ್ಟೂ ಚಿತ್ರ ಸ್ಪಷ್ಟ ಆಗಬೇಕಲ್ವಾ, ಮತ್ತೆ ನನ್ನ ಎಫ್ 22 ಯಾಕೆ ಮಬ್ಬು?

ಒಂದು ಮಿತಿಯವರೆಗೆ ಹೌದು ಅಂದರು. ಆಮೇಲೆ ಬೆಳಕು ಕಿಂಡಿಯ ಅಂಚಿಗೆ ತಾಗಿ ಹರಡುತ್ತೆ. ಹೊಳೆ ನೀರು ಕಿರಿದಾದ ಬಾಯಿಂದ ಹೊರಬಂದ ಕೂಡಲೇ ಎರಡೂ ಕಡೆ ಹರಡಿಕೊಳ್ಳುತ್ತಲ್ಲ, ಹಾಗೆ. ಪುಟ್ಟ ಚುಕ್ಕೆಯಾಗಿ ಬೀಳಬೇಕಾದದ್ದು ಉಬ್ಬಿ ಪಕ್ಕದ ಚುಕ್ಕೆಯ ಮೇಲೆ ಬೀಳುತ್ತೆ. ನಿನ್ನದರಂಥ ಕ್ಯಾಮೆರಾಕ್ಕೆ ಎಫ್ 8, ಬೇಕಾದರೆ 11, ಅಲ್ಲಿಗೆ ನಿಲ್ಲಿಸು. ಕಪ್ಪು ಚುಕ್ಕೆಗಳು? ಸೆನ್ಸರ್ ಮೇಲಿನ ಧೂಳು, ದೊಡ್ಡ ಅಪರ್ಚರ್‌ನಲ್ಲಿ ಕಾಣೋದಿಲ್ಲ, ಎಫ್ 22ರಲ್ಲಿ ಎದ್ದು ಕಾಣುತ್ತೆ. ಲೆನ್ಸ್ ಸರಿಯಾಗೇ ಇದೆ, ಕ್ಲೀನ್ ಮಾಡಿಸು.

ಮಾರಿಬಿಟ್ಟಿದ್ದರೆ ಏನು ಗತಿ!

ಈಗ ಭಾನುವಾರ ಬೆಳಗ್ಗೆ ಕೊಂಡಜ್ಜಿ ಕೆರೆಗೆ ಹೋಗುತ್ತೇನೆ, ದಾವಣಗೆರೆಯಿಂದ ಹತ್ತಿರ. ಒಂದು ಜಾಗ, ಹತ್ತು ಹೆಜ್ಜೆ, ಒಂದು ಗಂಟೆ. ಕೂತೂ ನೋಡುತ್ತೇನೆ, ಹಿಂದಕ್ಕೆ ತಿರುಗಿಯೂ ನೋಡುತ್ತೇನೆ. ಹನ್ನೊಂದು ವಾರ ಆಯಿತು, ಟೀಚರ್‌ಗೆ ಕಳಿಸಬಹುದಾದ ಫೋಟೋ ಒಂದು ಬಂದಿದೆ. ಇನ್ನೂ ಕಳಿಸಿಲ್ಲ.

ಸೆಕೆಂಡ್‌ಹ್ಯಾಂಡ್‌ನಲ್ಲಿ ಒಂದು ಭಾರದ ಟ್ರೈಪಾಡ್ ಕೊಂಡಿದ್ದೇನೆ. ಹಳೇದನ್ನು ತಮ್ಮ ಅಂಗಡಿ ಮುಂದೆ ನಿಲ್ಲಿಸಿ, ಅದಕ್ಕೆ “ಬಿಪಿ, ಶುಗರ್ ನೋಡಲಾಗುವುದು” ಅನ್ನುವ ಬೋರ್ಡು ಕಟ್ಟಿದ್ದಾನೆ. ಸ್ವಲ್ಪ ಗಾಳಿ ಬಂದರೂ ಬೀಳುತ್ತೆ.